ಬೆಲ್ಲಿನ ಬಟ್ಟಲು ಕೂರಿಸಿದ ಚಕ್ರ

ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಲಿಂಗಸುಗೂರು ಬಸ್ಸಿಗೆ ಕಾದಿದ್ದ ವೀರಭದ್ರಮ್ಮ ಬೇಡಬೇಡವೆಂದುಕೊಂಡರೂ ಪಕ್ಕದ ಕಲ್ಲುಬೆಂಚಿನ ಮಾತಿಗೆ ಕಿವಿಗೊಟ್ಟಳು. ಅಲ್ಲಿ ಕೂತಿದ್ದ, ಸುತ್ತಲ ಊರುಗಳ ಮದುವೆಗಳನ್ನೆಲ್ಲ ವಿಡಿಯೊ ತೆಗೆದ ವೆಂಕೋಬನನ್ನು ಆಕೆ ಬಲ್ಲಳು. ಲಕ್ವಾ ಹೊಡೆದ ಮೇಲೆ ಅವನ ಬಲಗೈ ಬೆರಳು ಮಡಚುತ್ತಿರಲಿಲ್ಲ. ತೊಡೆಯ ಮೇಲಿದ್ದದ್ದು ವಿಡಿಯೊ ಟೇಪನ್ನು ಹಿಂದೆ ಮುಂದೆ ಓಡಿಸುವ ಚಕ್ರದ ಪೆಟ್ಟಿಗೆ. ಬೆರಳಿಲ್ಲದೆ ಅಂಗೈಯಿಂದಲೇ ತಿರುಗಿಸಲೆಂದು ಆ ಚಕ್ರಕ್ಕೆ ಸೈಕಲ್ ಬೆಲ್ಲಿನ ಬಟ್ಟಲು ಕೂರಿಸಿಕೊಟ್ಟಿದ್ದ ಸಿಂಧನೂರಿನ ಸೈಕಲ್ ಅಂಗಡಿ ಆದೆಪ್ಪ ಎದುರಿಗೇ ನಿಂತಿದ್ದ.

“ಅಂಗೈಲೆ ತಿರುಗತೈತಲ್ಲಣ್ಣ, ಇನ್ನೇನು?”

“ಭಾಳ ಹಗೂರ ಆಗೇತೋ ಆದೆಪ್ಪಾ. ಕೈ ಒಂಚೂರು ನಡುಗಿದ್ರ ಸಾಕು, ಚಿತ್ರ ಮುಂದಕ್ಕ ಓಡತೈತಿ.”

“ಒಳಗ ಟ್ಯೂಬಿನ ರಬ್ಬರ್ ಸುತ್ತಿ ಬಿಗಿ ಮಾಡ್ತೀನಿ. ಇವತ್ತು ಅಂಗಡಿ ಬಂದ್ ಐತಿ, ನಾಳೆ ಬಾ.”

“ನಾಳೆ ಅನಬ್ಯಾಡಪಾ, ಕೈ ಮುಗಿತೀನಿ. ತಿಕ್ಕಿ ತಿಕ್ಕಿ ಟೇಪು ಸವದೈತಿ. ಆಕಿ ಮಾರಿ ಮ್ಯಾಲ ಬಿಳಿ ಗೆರಿ ಬಿದ್ದಾವ.”

“ಯಾರ ಮಾರಿ?”

“ನನ್ನ ಹೇಣ್ತಿದು. ನಿಮ್ಮತ್ತಿಗಿ ಕರೆಮ್ಮಂದು.”

ಆದೆಪ್ಪ ಬಟ್ಟಲ ಮೇಲಿದ್ದ ಕೈ ತೆಗೆದ.

“ಆಕಿ ತೀರಿಕೊಂಡು ವರ್ಷಾತಲ್ಲಣ್ಣ.”

“ಊರ ಮಂದೀನೆಲ್ಲ ತೆಗದೆ, ಆಕೀನ ಒಂದ್ ಸಲಾನೂ ತೆಗೀಲಿಲ್ಲ. ತುರ್ವಿಹಾಳದ ಮದಿವ್ಯಾಗ ಅರಿಶಿಣದ ತಾಟು ಹಿಡಕೊಂಡು ತಾನಾಗೇ ಕ್ಯಾಮರಾಕ್ಕ ಅಡ್ಡ ಬಂದು ಬಾಗ್ಲ ಕಡೆ ಹೋಗ್ಯಾಳ. ಅಷ್ಟೇ ಇರೋದು. ಚಿತ್ರ ಅಲ್ಲೇ ನಿಲ್ಲಿಸಿ ಟಿವಿ ಮ್ಯಾಲಿಂದಾನ ಒಂದು ಫೋಟೋ ಹೊಡಕೋಬೇಕು.”

ಸಿಂಧನೂರು ಬಸ್ಸು ಬಂತು. ಆದೆಪ್ಪ ಪೆಟ್ಟಿಗೆಯನ್ನು ಎತ್ತಿಕೊಂಡ.

“ನಡಿ, ಈಗ ಕೀಲಿ ತೆಗೀತೀನಿ.”

ಮೆಟ್ಟಿಲು ಹತ್ತುತ್ತ ವೆಂಕೋಬ ಅಂದ:

“ಗಟ್ಟಿ ಬಿಗಿ ಮಾಡೋ. ನಾ ಕೈ ಇಡೋದ್ರಾಗ ಬಾಗ್ಲ ದಾಟಿ ಹೊಂಟ ಬಿಡ್ತಾಳ.”