ಲೈನ್‌ಮನ್ ಬಸಲಿಂಗಯ್ಯನ ಎರಡು ಮಿಣುಕು

ಲೈಟು ಹೋಯಿತಲ್ಲ, ಹೋಗಲಿ ಬಿಡಿ. ಫೋನಿನ ಟಾರ್ಚು ಆರಿಸಿ ಹತ್ತಿರ ಕೂತುಕೊಳ್ಳಿ. ಮೊದಲೇ ಹೇಳಿಬಿಡುತ್ತೇನೆ, ನಾನು ದೆವ್ವ ನಂಬುವವಳಲ್ಲ. ದಾಂಡೇಲಿಯ ಬಂಗೂರನಗರದಲ್ಲಿ ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ್ದೇನೆ. ಗಂಡ ರಾತ್ರಿ ಪಾಳಿಗೆ ಹೋದರೆ ಒಬ್ಬಳೇ ಮಲಗಿದ್ದೇನೆ, ಒಂದು ಬೆಕ್ಕೂ ನನ್ನನ್ನು ಹೆದರಿಸಿಲ್ಲ. ಆದರೆ ಹೋದ ವರ್ಷ ಮೇ ತಿಂಗಳಲ್ಲಿ ತೇರಗಾಂವದಲ್ಲಿ ನಡೆದದ್ದು... ಅದನ್ನು ಮಾತ್ರ ಸುಳ್ಳು ಅನ್ನಲಾರೆ.

ಬಾಳೇಶ ನನ್ನ ಚಿಕ್ಕಪ್ಪನ ಮಗ. ತೇರಗಾಂವದ ಲೈನ್‌ಮನ್. ಅವನ ಹೆಂಡತಿ ಸ್ವಪ್ನಾಗೆ ಆಗ ಏಳು ತಿಂಗಳು ತುಂಬಿತ್ತು. ಸೀಮಂತದ ಕುಬಸ ಮಾಡಲು ಹೋಗಿದ್ದೆ.

ಆದರೆ ಆ ಊರಿನಲ್ಲಿ ಲೈನ್‌ಮನ್ ಅಂದರೆ ಇವತ್ತಿಗೂ ಜನರ ಬಾಯಿಗೆ ಬರುವುದು ಬಸಲಿಂಗಯ್ಯನವರ ಹೆಸರೇ. ಮೂವತ್ತಾರು ವರ್ಷ ಅದೇ ಊರಿನ ಕಂಬ ಹತ್ತಿದ ಮನುಷ್ಯ. ಬಡ್ತಿ ಕೊಟ್ಟು ದಾಂಡೇಲಿಗೆ ಹಾಕಿದರೆ, 'ಅಲ್ಲಿ ಹ್ವಾದ್ರ ನಮ್ಮಾಕಿ ಮಧ್ಯಾಹ್ನ ಒಬ್ಬಾಕೀನ ಉಣಬೇಕಾಕ್ಕೈತಿ' ಎಂದು ಬಡ್ತಿಯನ್ನೇ ಬಿಟ್ಟು ಬಂದರು. ಹೆಂಡತಿ ಗುರುಸಿದ್ದವ್ವನ ಮೇಲೆ ಅಷ್ಟು ಜೀವ. ಮಗಳು ಶೈಲಶ್ರೀಗೆ ಹತ್ತನೇ ಇಯತ್ತೆತನಕ ಜಡೆ ಹಾಕಿದವರೂ ಅವರೇ. ಅವಳನ್ನು ಮಳಗಿ ಊರಿಗೆ ಕೊಟ್ಟಾಗ, ಬೀಗರ ಮನೆಯ ವೈರಿಂಗು ಪೂರ್ತಿ ನೋಡಿ ಮುಗಿಸಿದ ಮೇಲೆಯೇ ಊಟಕ್ಕೆ ಕೂತರಂತೆ. ಅಂಥವರು ಈಗ ಎಲ್ಲಿದ್ದಾರೆ ಹೇಳಿ.

ಗುರುಸಿದ್ದವ್ವನಿಗೆ ಒಂದೇ ಭಯವಿತ್ತು. ಗಂಡ ಕಂಬದಿಂದ ಜೀವಂತ ಇಳಿಯುತ್ತಾನೋ ಇಲ್ಲವೋ ಎಂದು. ಆಗ ಫೋನೆಲ್ಲಿ? ಅದಕ್ಕೆ ಬಸಲಿಂಗಯ್ಯ ಒಂದು ರೂಢಿ ಇಟ್ಟುಕೊಂಡಿದ್ದರು. ಕೆಲಸ ಮುಗಿಸಿ ಇಳಿದು ಬಂದ ಮೇಲೆ ಎರಡು ಸಲ ಕರೆಂಟು ಕೊಟ್ಟು ತೆಗೆಯುವರು, ಮೂರನೆಯ ಸಲ ಕೊಟ್ಟದ್ದನ್ನು ಹಾಗೆಯೇ ಉಳಿಸುವರು. ಊರಿನ ಬಲ್ಬೆಲ್ಲ ಎರಡು ಸಲ ಮಿಣುಕಿದರೆ 'ಇಳದೇನಿ' ಎಂದರ್ಥ. ಗುರುಸಿದ್ದವ್ವ ಆಗ ಎದ್ದು ರೊಟ್ಟಿ ಬಡಿಯಲು ಕೂಡುವರು. ಬಲ್ಬು ಸುಡುತ್ತವೆ ಎಂದು ಸಾಹೇಬರು ಬೈದರೂ, ಕೊನೆಗೆ ಕೈಗೆ ಫೋನು ಬಂದರೂ ಅವರು ಅದನ್ನು ಬಿಡಲಿಲ್ಲ.

ಬಾಳೇಶ ಅವರ ಕೈಕೆಳಗೇ ಕೆಲಸ ಕಲಿತವನು. ರಸ್ತೆ ಬದಿಯ ಕಂಬದಲ್ಲಿ ಒಂದು ಕಬ್ಬಿಣದ ಹ್ಯಾಂಡಲ್ ಇದೆ. ಅದನ್ನು ಕೆಳಗೆಳೆದರೆ ಊರಿನ ಲೈನೆಲ್ಲ ಸತ್ತಂತೆ, ಮೇಲೆತ್ತಿದರೆ ಜೀವ ಬಂದಂತೆ. ಎಳೆದ ಮೇಲೆ ಅದಕ್ಕೆ ಕೀಲಿ ಹಾಕಿಯೇ ಮುಂದಕ್ಕೆ ಹೋಗಬೇಕು. ಯಾಕೆಂದರೆ ಪಂಪಿನ ಆಸೆಗೋ ಫ್ಯಾನಿನ ಆಸೆಗೋ ಜನ ತಾವೇ ಹ್ಯಾಂಡಲ್ ಎತ್ತಿಬಿಡುವುದು ನಮ್ಮ ಕಡೆ ಹೊಸದೇನಲ್ಲ. ಎತ್ತಿದ ಹೊತ್ತಿನಲ್ಲಿ ಮೇಲೆ ಯಾರಾದರೂ ಇದ್ದರೆ ಅವನ ಕತೆ ಅಲ್ಲಿಗೇ ಮುಗಿಯಿತು. 'ಕೀಲಿಕೈ ಕಿಸೇದಾಗಿದ್ರ ಜೀವ ಕಿಸೇದಾಗ ಇದ್ದಂಗ' ಎಂದು ಬಸಲಿಂಗಯ್ಯ ದಿನಾ ಹೇಳುತ್ತಿದ್ದರು.

ನಿವೃತ್ತಿಯಾಗಿ ಮೂರು ವರ್ಷಕ್ಕೆ ತೀರಿಕೊಂಡರು. ರಾತ್ರಿ ಉಂಡು ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಅವರ ಹೊಲದಲ್ಲೇ, ಬಾವಿಯ ಪಕ್ಕ ಮಣ್ಣು ಮಾಡಿದರು. ಗುರುಸಿದ್ದವ್ವ ಬಾಳೇಶನ ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದರು. ಲೈಟು ಹೋದಾಗಲೆಲ್ಲ ಬಾಗಿಲಲ್ಲಿ ಕೂಡುವ ಚಟ ಅವರಿಗೆ ಹೋಗಿರಲಿಲ್ಲ.

ಆ ರಾತ್ರಿ ಅಡ್ಡಮಳೆಯ ಗಾಳಿ. ಹತ್ತೂವರೆಗೆ ಲೈಟು ಹೋಯಿತು. ಅದೇ ಬಾವಿಯ ಆಚೆ, ಕಬ್ಬಿನ ಹೊಲದ ಕಂಬದ ಮೇಲೆ ಬೇವಿನ ಟೊಂಗೆ ಬಿದ್ದಿದೆ ಎಂದು ಫೋನು ಬಂತು. ಜೊತೆ ಕೆಲಸದವನು ಹಳಿಯಾಳಕ್ಕೆ ಮದುವೆಗೆ ಹೋಗಿದ್ದ. ಬಾಳೇಶ ಒಬ್ಬನೇ ಹೊರಟ. "ಲಗೂನ ಬರ್ತೇನಿ" ಎಂದು ಸ್ವಪ್ನಾಗೆ ಹೇಳಿದ. ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಿಂತಳು.

ಹ್ಯಾಂಡಲ್ ಎಳೆದ. ಕಿರ್ರ್... ಟಣ್. ಕೀಲಿಗೆಂದು ಚೀಲಕ್ಕೆ ಕೈ ಹಾಕಿದ... ಇಲ್ಲ. ಕೀಲಿ ಮನೆಯ ಮೊಳೆಗೇ ನೇತಾಡುತ್ತಿತ್ತು. ವಾಪಸು ಬರಲು ಹತ್ತು ನಿಮಿಷ. ಕಂಬದ ಕೆಲಸವೂ ಹತ್ತೇ ನಿಮಿಷದ್ದು. ಇಷ್ಟು ಹೊತ್ತಿನಲ್ಲಿ ಯಾರು ಬಂದು ಮುಟ್ಟುತ್ತಾರೆ ಅಂದುಕೊಂಡ. ಬುದ್ಧಿಗೇಡಿ. ಇದನ್ನು ಅವನು ನನ್ನೆದುರು ಹೇಳುವಾಗ ಕಪಾಳಕ್ಕೆ ಬಾರಿಸೋಣ ಅನ್ನಿಸಿತ್ತು ನನಗೆ.

ಬದುವಿನ ಮೇಲೆ ನಡೆದ. ಬಾವಿ ಬಂತು. ಗಾಳಿಗೆ ನೀರು ಸೇದುವ ಗಡಗಡಿ ತಾನೇ ಕಿಂಯ್... ಕಿಂಯ್... ಅನ್ನುತ್ತಿತ್ತು. ಅದನ್ನು ದಾಟಿದ ಮೇಲೆ ಹಿಂದಿನಿಂದ ಇನ್ನೊಂದು ಸದ್ದು. ಕಿಣ್... ಕಿಣ್... ಕಿಣ್. ಸೊಂಟದಲ್ಲಿ ಸಿಕ್ಕಿಸಿದ, ತಂತಿ ತಿರುಚುವ ಪಕ್ಕಡ್ ಬೆಲ್ಟಿನ ಬಕಲ್ಲಿಗೆ ತಾಗುವ ಸದ್ದು. ತನ್ನದೇ ಅಂದುಕೊಂಡು ಬಾಳೇಶ ಪಕ್ಕಡನ್ನು ಗಟ್ಟಿಯಾಗಿ ಹಿಡಿದುಕೊಂಡ.

ಕಿಣ್... ಕಿಣ್... ನಿಲ್ಲಲಿಲ್ಲ.

ಅವನು ನಿಂತ. ಅದೂ ನಿಂತಿತು. ಟಾರ್ಚು ತಿರುಗಿಸಿದ. ಬಾವಿಯ ಕಟ್ಟೆ, ಹುಲ್ಲು, ಅಷ್ಟೇ. ಶಿವಾ ಶಿವಾ ಅನ್ನುತ್ತ ಹೋಗಿ ಕಂಬ ಹತ್ತಿದ. ಟೊಂಗೆ ಕಡಿದು ಕೆಡವಿದ. ಒಂದು ತಂತಿಯ ಜೋಡಣೆ ಸಡಿಲಾಗಿತ್ತು. ಅದನ್ನು ಬಿಗಿಯಲು ಬರಿಗೈ ಚಾಚಿದ...

"ತಮ್ಮಾ."

ಕಂಬದ ಬುಡದಿಂದ. ಪಿಸುಮಾತು, ಆದರೆ ಕಿವಿಯ ಹತ್ತಿರವೇ ಆಡಿದಂತೆ ಕೇಳಿಸಿತಂತೆ.

"ಯಾರ?"

"ಕೀಲಿ ಹಾಕಿಯೇನು?"

ಬಾಳೇಶ ಚಾಚಿದ ಕೈ ಹಿಂದಕ್ಕೆ ಎಳೆದುಕೊಂಡ. ಆ ದನಿಯನ್ನು ಅವನು ಹನ್ನೊಂದು ವರ್ಷ ಕೇಳಿದ್ದ. "...ಇಲ್ರೀ" ಎಂದ.

"ಹಂಗಾರ ಇಳಿ. ಮನ್ಯಾಗ ಕಾಯಾಕತ್ತಾರ."

ಹೇಗೆ ಇಳಿದನೋ ಅವನಿಗೇ ಗೊತ್ತಿಲ್ಲ. ಮೊಣಕೈ ಕೆತ್ತಿ ರಕ್ತ ಬಂದಿತ್ತು. ಕಾಲು ನೆಲಕ್ಕೆ ತಾಗಿತ್ತು, ಅಷ್ಟೇ... ಮೇಲೆ ಚಟ್! ಅವನು ಕೈ ಚಾಚಿದ್ದ ಜಾಗದಲ್ಲೇ ನೀಲಿ ಕಿಡಿ. ತಂತಿ ಗುಂಯ್ ಎಂದು ನಿಂತಿತು. ಮತ್ತೆ ಚಟ್. ಮತ್ತೆ ಕತ್ತಲು.

ಇತ್ತ ನಾನು, ಸ್ವಪ್ನಾ ಬಾಗಿಲಲ್ಲಿ ಕೂತಿದ್ದೆವು. ಬಲ್ಬು ಮಿಣುಕಿತು. ಆರಿತು. ಮತ್ತೆ ಮಿಣುಕಿತು. ಆರಿತು. ಮೂರನೆಯದು ಬರಲೇ ಇಲ್ಲ. ಸ್ವಪ್ನಾ ನನ್ನ ಕೈ ಹಿಡಿದ ಹಿಡಿತಕ್ಕೆ ನನ್ನ ಎರಡು ಬಳೆ ಒಡೆದವು. ಬಾಳೇಶ ಯಾವತ್ತೂ ಹಾಗೆ ಎರಡು ಸಲ ಕೊಟ್ಟು ತೆಗೆದವನಲ್ಲ, ಅವನಿಗೆ ಅಷ್ಟು ವ್ಯವಧಾನವೇ ಇಲ್ಲ. ಆಗ ಪಕ್ಕದ ಮನೆಯ ಕತ್ತಲೆಯಿಂದ ಗುರುಸಿದ್ದವ್ವ ತಣ್ಣಗೆ ಹೇಳಿದರು: "ಮಲ್ಕೋರಿ ಇನ್ನ. ಇಳದಾನ." ಹಿಂದೆಯೇ ಅವರ ಬಾಗಿಲಿನ ಅಗಳಿ ಖಟ್ ಎಂದು ಬಿತ್ತು.

ಹನ್ನೆರಡರ ಹೊತ್ತಿಗೆ ಬಾಳೇಶ ಬಂದ. ಹ್ಯಾಂಡಲ್ಲಿನ ಕಡೆ ಹೋಗದೆ, ಊರಿಗೆ ಕರೆಂಟು ಕೊಡದೆಯೇ ಬಂದಿದ್ದ. ಗೋಡೆಗೆ ಒರಗಿ ಕೂತು ನೀರು ಕೇಳಿದ. ಚೊಂಬು ಖಾಲಿ ಮಾಡಿ ನಡೆದದ್ದನ್ನೆಲ್ಲ ಹೇಳಿದ. ಸ್ವಪ್ನಾಳ ಮುಖ ನೋಡಿ ಅತ್ತುಬಿಟ್ಟ. ನನಗೂ ಅಳು ಬಂತು, ಯಾಕೆ ಸುಳ್ಳು ಹೇಳಲಿ.

ಬೆಳಕು ಹರಿಯುವಾಗಲೇ ಜ್ಯೋತಿಬಾ ಬಂದ. ರಸ್ತೆಯಾಚೆಯ ಹೊಲದವನು, ಒಳ್ಳೆಯ ಮನುಷ್ಯ. ಮುಖ ಸುಣ್ಣ ಬಳಿದಂತಾಗಿತ್ತು.

"ಬಾಳೇಶಾ, ತಪ್ಪಾತಪಾ. ಮದವಿ ಉಂಡು ಬರಾಕತ್ತಿದ್ದೆ. ಹ್ಯಾಂಡಲ್ ಕೆಳಗಿತ್ತು. ಕೀಲಿ ಇರಲಿಲ್ಲ. ನೀ ಕೆಲಸ ಮುಗಿಸಿ ಮರತಿ ಅಂದ್ಕೊಂಡು ಎತ್ತಿದ್ನಿ."

"ಎತ್ತಿ?" ಎಂದು ನಾನೇ ಕೇಳಿದೆ.

"ಯಾರೋ ಕೆಳಗ ಜಗ್ಗಿದ್ರು. ಹಗೂರ ಅಲ್ರೀ ಅಕ್ಕಾರ, ಕೈ ಕಿತ್ತು ಬರೂಹಂಗ. ಜಾರಿತೇನೋ ಅಂತ ಇನ್ನೊಮ್ಮೆ ಎತ್ತಿದ್ನಿ. ಮತ್ತ ಜಗ್ಗಿದ್ರು. ಅಲ್ಲಿ ನಾ ಒಬ್ಬನ ಇದ್ದೆ." ಅಂಗೈ ತೋರಿಸಿದ. ನೀಲಿಗಟ್ಟಿದ ಗೆರೆ ಇತ್ತು.

ಎಲ್ಲರೂ ಹ್ಯಾಂಡಲ್ ಕಂಬಕ್ಕೆ ಹೋದೆವು. ಹ್ಯಾಂಡಲ್ ಕೆಳಗೇ ಇತ್ತು. ಒಂದು ಬಿಳಿ ಟವೆಲ್ಲಿನಿಂದ ಅದನ್ನು ಕಂಬಕ್ಕೆ ಬಿಗಿದು ಯಾರೋ ಗಂಟು ಹಾಕಿದ್ದರು. ಟವೆಲ್ಲು ಮಣ್ಣಿನಿಂದ ಸೆಟೆದು ನಿಂತಿತ್ತು.

"ನಾ ಮುಟ್ಟಿದಾಗ ಇದು ಇರಲಿಲ್ಲ" ಎಂದ ಜ್ಯೋತಿಬಾ. ಬಾಳೇಶ ಗಂಟು ಬಿಚ್ಚಲು ನೋಡಿದ, ಆಗಲಿಲ್ಲ. ಜ್ಯೋತಿಬಾನಿಂದಲೂ ಆಗಲಿಲ್ಲ. ಅಷ್ಟರಲ್ಲಿ ಗುರುಸಿದ್ದವ್ವ ಹಿಂದಿನಿಂದ ನಿಧಾನವಾಗಿ ಬಂದರು. ಒಂದು ಚುಂಗು ಹಿಡಿದು ಎಳೆದರು. ಬಿಚ್ಚಿಕೊಂಡಿತು. ಅಂಚನ್ನು ಬೆರಳಿನಿಂದ ಸವರಿದರು. ನೀಲಿ ದಾರದ ಕೈಹೊಲಿಗೆ.

"ಇದಕ್ಕ ಅಂಚು ಹೊಲದಾಕಿ ನಾನ" ಎಂದರು.

"ಯಾವಾಗ್ರೀ?" ಎಂದೆ.

"ಅವರನ್ನ ಮಣ್ಣ ಮಾಡೂ ದಿನ. ಕೊರಳಾಗ ಹಾಕಿ ಕಳಿಸಿದ್ದೆ."

ಗುರುಸಿದ್ದವ್ವ ಟವೆಲ್ಲು ಹಿಡಿದು ಮನೆಯ ಕಡೆ ಹೊರಟರು. ಆಮೇಲೆ ಕೆಲವರು ಬಾವಿಯ ಹತ್ತಿರ ಹೋಗಿ ನೋಡಿ ಬಂದರು. ಸಮಾಧಿಯ ಕಲ್ಲು ಕದಲಿರಲಿಲ್ಲ, ಸುತ್ತಲಿನ ಗರಿಕೆಯೂ ಹಾಗೆಯೇ ಇತ್ತು.

ಕುಡಿದವರ ಮಾತು ಅನ್ನಿ, ಹೆದರಿದವರ ಮಾತು ಅನ್ನಿ, ನನ್ನದೇನೂ ಅಡ್ಡಿಯಿಲ್ಲ. ಆದರೆ ಆ ಟವೆಲ್ಲನ್ನು ಗುರುಸಿದ್ದವ್ವ ಹಿತ್ತಲ ಕಲ್ಲಿನ ಮೇಲೆ ಒಗೆಯುವಾಗ ನೀರು ಸೇದಿ ಕೊಟ್ಟವಳು ನಾನು. ನಾಲ್ಕು ಕೊಡ ಸುರಿದೆ. ನಾಲ್ಕನೆಯದರಲ್ಲೂ ಕೆಮ್ಮಣ್ಣು ಬರುತ್ತಲೇ ಇತ್ತು.