ಫ್ಯಾನಿಲ್ಲದ ಕಾರ್ಡು, ಮೊದಲ ಎಡೆ

ನನ್ನ ಹೆಸರು ಹೇಮಾವತಿ ಕೋಂ ಲೇಟ್ ರವಿಕುಮಾರ, ವಯಸ್ಸು 36 ವರ್ಷ, ಕಸುಬು ಮನೆಯಲ್ಲೇ ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆ ಮತ್ತು ಫ್ಲೆಕ್ಸ್ ಡಿಸೈನ್ ಮಾಡುವುದು, ವಾಸ ಬುಕ್ಕಾಂಬುಧಿ ರಸ್ತೆ, ಅಜ್ಜಂಪುರ. ನನ್ನ ಅತ್ತೆ ಕೊಟ್ಟ ದೂರಿನ ವಿಚಾರವಾಗಿ ಠಾಣೆಯಿಂದ ಕರೆ ಬಂದಿದ್ದರಿಂದ ಈ ದಿನ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ಮನೆಯಲ್ಲಿ ನಾನು ಮತ್ತು ನನ್ನ ಅತ್ತೆ ಹುಲಿಗೆಮ್ಮ ಇಬ್ಬರೇ ಇರುತ್ತೇವೆ. ಮೈದುನ ತಿಪ್ಪೇಶ ಪಕ್ಕದ ಬೀದಿಯಲ್ಲಿ ಬೇರೆ ಇದ್ದಾನೆ. ನನ್ನ ಗಂಡ ಹೋದ ವರ್ಷ ಫೆಬ್ರವರಿಯಲ್ಲಿ ಕಾಮಾಲೆಯಿಂದ ತೀರಿಕೊಂಡರು. ಅವರ ಕಂಪ್ಯೂಟರಿನಲ್ಲಿ ಅವರ ಕೆಲಸವನ್ನೇ ನಾನು ಮುಂದುವರಿಸಿಕೊಂಡು ಬಂದಿದ್ದೇನೆ. ಊರಲ್ಲಿ ಯಾರು ಸತ್ತರೂ ಶ್ರದ್ಧಾಂಜಲಿ ಫ್ಲೆಕ್ಸ್ ಮಾಡಿಕೊಡುತ್ತಿದ್ದ ಮನುಷ್ಯ ಅವರು. ಅವರದೊಂದು ಫೋಟೋ ನಮ್ಮ ಗೋಡೆಯ ಮೇಲೆ ಇಲ್ಲ. ಕಟ್ಟು ಹಾಕಿಸಿ ಹಾರ ಹಾಕಿದರೆ ಸತ್ತೇಹೋದ ಹಾಗೆ ಎಂದು ಅತ್ತೆ ಬಿಡಲಿಲ್ಲ. ಅವರು ನಗುತ್ತಾ ಕೂತಿದ್ದ ಒಂದು ಫೋಟೋವನ್ನು ನಾನು ಕಂಪ್ಯೂಟರಿನ ಪರದೆಗೆ ಹಾಕಿದ್ದೆ. ಬೆಳಿಗ್ಗೆ ಆನ್ ಮಾಡಿದ ಕೂಡಲೇ ಪರದೆ ತುಂಬ ಅವರ ಮುಖ ಬರುತ್ತಿತ್ತು. ಅತ್ತೆಗೆ ಕಣ್ಣು ಮಂಜು, ಫೋನಿನಲ್ಲಿರುವ ಸಣ್ಣ ಫೋಟೋಗಳು ಕಾಣುವುದಿಲ್ಲ. ಇದೊಂದೇ ಕಾಣುತ್ತಿತ್ತು. ದಿನಾ ಸ್ಟೂಲ್ ಹಾಕಿಕೊಂಡು ನೋಡಿ ಆಮೇಲೆ ಕಾಫಿ ಕುಡಿಯುತ್ತಿದ್ದರು.

ಈ ತಿಂಗಳ ಮೊದಲ ವಾರ ಪರದೆ ಕಪ್ಪಾಯಿತು. ಒಳಗಿದ್ದ ಹಳೆಯ ಗ್ರಾಫಿಕ್ಸ್ ಕಾರ್ಡು, ಅಂದರೆ ಪರದೆಗೆ ಚಿತ್ರ ಕಳಿಸುವ ಬಿಡಿಭಾಗ, ಸತ್ತಿತ್ತು. ಅದಿಲ್ಲದೆ ನಮ್ಮ ಕಂಪ್ಯೂಟರಿನ ಬೋರ್ಡಿನಲ್ಲಿ ಚಿತ್ರವೇ ಬರುವುದಿಲ್ಲ. ಇನ್ನು ಹದಿನೈದು ದಿನಕ್ಕೆ ಮಹಾಲಯ ಅಮಾವಾಸ್ಯೆ. ವರ್ಷ ತುಂಬಿದ ಮೇಲೆ ನನ್ನ ಗಂಡನಿಗೆ ಇಡುವ ಮೊದಲ ಎಡೆ. ಮುಖ ಇಲ್ಲದೆ ಯಾರಿಗೆ ಎಡೆ ಇಡುವುದು ಎಂದು ಅತ್ತೆ ಊಟ ಬಿಟ್ಟು ಕೂತರು.

ಹಳೆಯ ಕಾರ್ಡಿಗೆ ಒಂದು ಫ್ಯಾನ್ ಇತ್ತು, ಗುಂಯ್ ಎಂದು ಸದ್ದು ಮಾಡುತ್ತಿತ್ತು. ನನ್ನ ಗಂಡ ಕೆಲಸಕ್ಕೆ ಕೂತರೆ ಆ ಸದ್ದು ಅಡಿಗೆಮನೆಗೆ ಕೇಳುತ್ತಿತ್ತು. ಅವರು ಸತ್ತ ಮೇಲೂ ನಾನು ಆನ್ ಮಾಡಿ ಆ ಸದ್ದು ಬಂದಾಗಲೆಲ್ಲ ಅತ್ತೆ ಮರೆತು ಮಗನಿಗೆ ಕಾಫಿ ಹಿಡಿದುಕೊಂಡು ಬಂದುಬಿಡುತ್ತಿದ್ದರು. ಬಾಗಿಲಲ್ಲಿ ನನ್ನನ್ನು ನೋಡಿ ಲೋಟ ಕೆಳಗಿಟ್ಟು ಹೋಗುತ್ತಿದ್ದರು. ಆ ಮುಖ ನನಗೆ ಇನ್ನು ನೋಡಲು ಆಗುತ್ತಿರಲಿಲ್ಲ ಸ್ವಾಮಿ. ಆದ್ದರಿಂದ ಸದ್ದಿಲ್ಲದ ಕಾರ್ಡೇ ಬೇಕೆಂದು ನಿರ್ಧಾರ ಮಾಡಿದೆನು.

ಮೊದಲು ತರೀಕೆರೆಯ ಒಂದು ಅಂಗಡಿಗೆ ಹೋದೆನು. ಅಲ್ಲಿನವನು ಎರಡು ಫ್ಯಾನಿನ, ಬಣ್ಣಬಣ್ಣದ ಲೈಟು ಉರಿಯುವ ದಪ್ಪ ಕಾರ್ಡು ತೋರಿಸಿದನು. ಇದನ್ನು ಹಾಕಿದರೆ ಕರೆಂಟಿನ ಡಬ್ಬಿಯನ್ನೂ ಬದಲಾಯಿಸಬೇಕು, ಗೇಮು ಚೆನ್ನಾಗಿ ಓಡುತ್ತದೆ ಎಂದನು. ನಾನು ಲಗ್ನಪತ್ರಿಕೆ ಮಾಡುವವಳು, ನಮ್ಮ ಮನೆಯಲ್ಲಿ ಆಟ ಆಡುವವರು ಯಾರೂ ಉಳಿದಿಲ್ಲ ಎಂದೆನು. ಅವನು ಹಲ್ಲು ಕಿಸಿದನು. ನನಗೆ ಮೈ ಉರಿದುಹೋಯಿತು, ಎದ್ದು ಬಂದೆನು.

ಮಾರನೇ ದಿನ ಕಡೂರಿನ ಓಂಕಾರೇಶ್ ಅವರ ಅಂಗಡಿಗೆ ಸಿಪಿಯು ಪೆಟ್ಟಿಗೆಯನ್ನೇ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋದೆನು. ದೂರಿನಲ್ಲಿ ಆರೋಪಿ ಎಂದು ಬರೆದಿರುವುದು ಇವರನ್ನೇ. ಅವರು ಮೊದಲು ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ಪೆಟ್ಟಿಗೆ ಬಿಚ್ಚಿ ಧೂಳು ಊದಿ, ನಿಮ್ಮ ಕೆಲಸಕ್ಕೆ ದೊಡ್ಡದು ದಂಡ ಎಂದು ಹೇಳಿ, ಅಂಗೈ ಅಗಲದ ಒಂದು ಕಾರ್ಡು ಕೊಟ್ಟರು. ಅದಕ್ಕೆ ಫ್ಯಾನೇ ಇಲ್ಲ. ಮೇಲೆ ಬಾಚಣಿಗೆ ಹಲ್ಲಿನ ಹಾಗೆ ಅಲ್ಯೂಮಿನಿಯಂ ಪಟ್ಟಿಗಳಿವೆ. ಬೇರೆ ವೈರು ಬೇಡ, ಬೋರ್ಡಿನಿಂದಲೇ ಬರುವಷ್ಟು ಕರೆಂಟು ಸಾಕು, ಹಾಗಾಗಿ ಬಿಸಿಯೂ ಕಡಿಮೆ ಎಂದರು. ಅಲ್ಲಿದ್ದವುಗಳಲ್ಲಿ ಅಗ್ಗದ್ದೂ ಅದೇ. ಫ್ಯಾನಿಲ್ಲದ್ದರಿಂದ ಇರುವ ಬಿಸಿ ತಾನಾಗಿ ಹೊರಗೆ ಹೋಗಬೇಕು ಎಂದೂ ತಿಳಿಸಿದರು. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಿ: "ಟೀವಿಗೆ ಹಾಕ್ದಂಗೆ ಇದ್ರ ಮೇಲೆ ಬಟ್ಟೆಗಿಟ್ಟೆ ಹೊದಿಸ್ಬೇಡಿ ಕಣಕ್ಕ, ಉಸಿರು ಕಟ್ಟುತ್ತೆ." ಈ ಮಾತನ್ನು ಮನೆಗೆ ಬಂದು ಅತ್ತೆಗೂ ಹೇಳಿದ್ದೆನು.

ಆ ಸಂಜೆ ಪರದೆ ಬೆಳಗಿತು. ಸದ್ದೇ ಇಲ್ಲ. ಅತ್ತೆ ಸ್ಟೂಲ್ ಹಾಕಿಕೊಂಡು ಕೂತು, ಬಂದ್ಯೇನಪ್ಪಾ ಎಂದರು. ನಾನು ಅಡಿಗೆಮನೆಗೆ ಹೋಗಿ ಅತ್ತುಬಿಟ್ಟೆನು.

ದಿನಾಂಕ 21-09-2025ರ ಭಾನುವಾರ ಎಡೆ ಇಟ್ಟೆವು. ನನ್ನ ಗಂಡ ಉಣ್ಣುತ್ತಿದ್ದದ್ದು ಕಂಪ್ಯೂಟರ್ ಟೇಬಲ್ಲಿನಲ್ಲೇ, ಆದ್ದರಿಂದ ಎಲೆಯನ್ನೂ ಅಲ್ಲೇ ಹಾಕಿದೆವು. ಕೋಳಿ ಸಾರು, ಒತ್ತು ಶಾವಿಗೆ, ವಡೆ, ಕಾಯಿಹಾಲು, ಅವರಿಗೆ ಇಷ್ಟವಾದ ಖಾರ ಮಂಡಕ್ಕಿ ಇಷ್ಟನ್ನು ಬಡಿಸಿದೆವು. ಎಲೆಯ ಪಕ್ಕದಲ್ಲಿ ಎಣ್ಣೆ ದೀಪ, ಕೆಳಗೆ ಲೋಬಾನದ ಕೆಂಡ. ಪರದೆಯಲ್ಲಿ ಅವರ ಮುಖ. ಹೊಸ ಪಂಚೆ ಶರ್ಟನ್ನು ಅತ್ತೆ ಕುರ್ಚಿಯ ಮೇಲೆ ಇಡುತ್ತಾರೆ ಎಂದುಕೊಂಡಿದ್ದೆನು. ನಾನು ಕಾಯಿಹಾಲು ಹಿಡಿದು ಬರುವಷ್ಟರಲ್ಲಿ ಅವರು ಕುರ್ಚಿಗೆ ಶರ್ಟು ತೊಡಿಸಿ, ಪಂಚೆಯನ್ನು ಟೇಬಲ್ಲಿನ ಮೇಲಿದ್ದ ಸಿಪಿಯು ಪೆಟ್ಟಿಗೆಗೆ ಹೊದಿಸಿ, ಮೇಲೆ ಸೇವಂತಿಗೆ ಇಟ್ಟುಬಿಟ್ಟಿದ್ದರು. ಕೇಳಿದ್ದಕ್ಕೆ, ಇವನು ಇದರಲ್ಲೇ ತಾನೇ ಇರುವುದು, ಇದಕ್ಕೇ ಉಡಿಸಿದೆ ಎಂದರು. ಎಡೆಗೆ ಇಟ್ಟ ಬಟ್ಟೆಯನ್ನು ಹಿರಿಯರು ಮುಟ್ಟುವ ಮೊದಲು ಎತ್ತುವುದು ನಮ್ಮಲ್ಲಿ ಇಲ್ಲ. ಆದ್ದರಿಂದ ನಾನು ಎತ್ತಲಿಲ್ಲ.

ಎಡೆ ಇಟ್ಟ ಮೇಲೆ ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ನಿಲ್ಲುವುದು ಪದ್ಧತಿ. ಸತ್ತವರು ಬಂದು ಉಂಡು ಹೋಗುತ್ತಾರೆ, ಯಾರೂ ಇಣುಕಬಾರದು. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತಟ್ಟಿ ತೆಗೆಯುತ್ತೇವೆ. ಅದರಂತೆ ಮಧ್ಯಾಹ್ನ ಸುಮಾರು ಒಂದು ಗಂಟೆಗೆ ಕೋಣೆಯ ಬಾಗಿಲು ಹಾಕಿದೆವು. ಅತ್ತೆ ಬಾಗಿಲಿಗೆ ಬೆನ್ನು ಕೊಟ್ಟು ಹೊಸಿಲ ಮುಂದೆ ಕೂತರು. ನಾನು ಮತ್ತು ತಿಪ್ಪೇಶ ಪಡಸಾಲೆಯಲ್ಲಿ ನಿಂತಿದ್ದೆವು.

ಸ್ವಲ್ಪ ಹೊತ್ತಿಗೆ ಒಳಗೆ ಟಪ್ ಎಂದು ಸದ್ದಾಯಿತು. "ಬಂದ ಕಣೇ" ಎಂದು ಅತ್ತೆ ನನ್ನ ಕಡೆ ನೋಡಿದರು. ಅವರ ಮುಖದಲ್ಲಿ ಒಂದೂವರೆ ವರ್ಷದಿಂದ ಇಲ್ಲದ ಕಳೆ ಇತ್ತು. ಬಾಗಿಲ ಸಂದಿಯಲ್ಲಿ ಹೊಗೆ ಬಂತು, ನಾವು ಲೋಬಾನ ಎಂದುಕೊಂಡೆವು. ಆಮೇಲೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ತೆಗೆಯಬೇಕು ಎಂದು ನಾನು ಹೇಳಿದೆನು. ಅತ್ತೆ ಏಳಲಿಲ್ಲ. "ತಡೀರ್ರೋ, ಉಣ್ತಾವ್ನೆ. ಅರ್ಧಕ್ಕೆ ಎಬ್ಬಿಸ್ತೀರೇನ್ರೋ ನನ್ ಮಗನ್ನ" ಎಂದು ಕೈ ಅಡ್ಡ ಹಿಡಿದರು. ಮೊದಲೇ ಎಳೆದು ಹಾಕಬಹುದಿತ್ತಲ್ಲ ಎಂದು ಸಾಹೇಬರು ಈಗ ಕೇಳಿದಿರಿ. ಎಳೆಯಬಹುದಿತ್ತು. ಆದರೆ ಒಂದು ಗಳಿಗೆ ನನಗೂ ಅವರು ಒಳಗೆ ಉಣ್ಣುತ್ತಿದ್ದಾರೆ ಅನ್ನಿಸಿತು. ರೈಟರ್ ಸಾಹೇಬರು ಇದು ಹೇಳಿಕೆಗೆ ಬೇಡ ಎಂದರು. ಬರೆಯಿರಿ ಎಂದೆನು.

ಸಂದಿಯಲ್ಲಿ ಕೆಂಪಗೆ ಕಂಡಾಗ ತಿಪ್ಪೇಶ ಅತ್ತೆಯನ್ನು ಎತ್ತಿ ಪಕ್ಕಕ್ಕೆ ಕೂರಿಸಿ, ಮೇನ್ ಸ್ವಿಚ್ ಇಳಿಸಿ, ಬಾಗಿಲು ತೆಗೆದು ನೀರು ಎರಚಿದನು. ಟೇಬಲ್ಲು, ಪರದೆ, ಸಿಪಿಯುವಿನ ಮುಂಭಾಗ ಸುಟ್ಟಿದ್ದವು. ಅತ್ತೆ ನುಗ್ಗಿ ಹೋಗಿ ಬರಿಗೈಯಲ್ಲಿ ಎಲೆಯನ್ನು ಎಳೆದುಕೊಂಡರು, ಎರಡೂ ಅಂಗೈ ಬೊಬ್ಬೆ ಬಂದಿವೆ. ಎಲೆಯಲ್ಲಿ ಅರ್ಧ ಸುಟ್ಟು ಅರ್ಧ ಉಳಿದಿತ್ತು. ಅರ್ಧ ಉಂಡಿದ್ದ, ಅಷ್ಟರಲ್ಲಿ ಆ ಕಡೂರಿನವನ ಕಾರ್ಡು ಸಿಡಿದು ನನ್ನ ಮಗನನ್ನು ಎಬ್ಬಿಸಿ ಓಡಿಸಿತು ಎಂದು ಅತ್ತೆ ಎದೆ ಎದೆ ಬಡಿದುಕೊಂಡರು.

ಅದೇ ಸಿಟ್ಟಿನಲ್ಲಿ ತಿಪ್ಪೇಶ ಸೋಮವಾರ ಕಡೂರಿಗೆ ಹೋಗಿ ಜನರ ಎದುರಿಗೆ ಓಂಕಾರೇಶರ ಕಾಲರ್ ಹಿಡಿದನು. ಅಲ್ಲಿಂದ ಬಂದು ಅತ್ತೆಯ ಹೆಬ್ಬೆಟ್ಟು ಹಾಕಿಸಿ ದೂರು ಕೊಡಿಸಿದನು. ಹೆಬ್ಬೆಟ್ಟಿನ ಬೊಬ್ಬೆ ಒಡೆದು ಕಾಗದಕ್ಕೆ ಅಂಟಿದ್ದನ್ನು ತಾವೇ ನೋಡಿದ್ದೀರಿ. ಅಂದಿನಿಂದ ಓಂಕಾರೇಶರು ಅಂಗಡಿ ಬಾಗಿಲು ತೆಗೆದಿಲ್ಲ. ಸುಡುವ ಸಾಮಾನು ಮಾರುವವನು ಎಂಬ ಹೆಸರು ಬಂದರೆ ಆ ಬೀದಿಯಲ್ಲಿ ಅವರು ಮತ್ತೆ ಬಾಗಿಲು ತೆಗೆಯುವ ಹಾಗಿಲ್ಲ.

ಈ ದಿನ ತಮ್ಮ ಸಮಕ್ಷಮ ಸುಟ್ಟ ಸಿಪಿಯು ಬಿಚ್ಚಿಸಲಾಯಿತು. ಮುಂಭಾಗದ ಡಿಸ್ಕ್ ಬೆಂದುಹೋಗಿದೆ, ಆ ಫೋಟೋ ಇದ್ದದ್ದು ಅದರಲ್ಲಿ ಮಾತ್ರ. ಹಿಂಭಾಗದ ಕಾರ್ಡಿಗೆ ಮಸಿ ಹಿಡಿದಿತ್ತು ಅಷ್ಟೇ. ಠಾಣೆಗೆ ಕರೆಸಿದ್ದ ಓಂಕಾರೇಶರು ಅದನ್ನು ಒರೆಸಿ, ತಮ್ಮ ಅಂಗಡಿಯಿಂದ ತಂದಿದ್ದ ಬೇರೆ ಕಂಪ್ಯೂಟರಿಗೆ ಹಾಕಿದರು, ಚಿತ್ರ ಬಂತು. ಹೊರಗೆ ಬೆಂಚಿನಲ್ಲಿದ್ದ ಅತ್ತೆ ಪರದೆಯ ಬೆಳಕು ಕಂಡು ಎದ್ದು ಓಡಿಬಂದರು. ಪರದೆಯಲ್ಲಿ ಅಂಗಡಿಯವರ ಮನೆದೇವರ ಪಟ ಇತ್ತು. ಹತ್ತಿರ ಹೋಗಿ ನೋಡಿ, ಇವನಲ್ಲ ಎಂದು ಹೇಳಿ ವಾಪಸ್ಸು ಹೋಗಿ ಕೂತರು.

ಉಳಿದ ಪಂಚೆಯನ್ನೂ ತಾವು ನೋಡಿದ್ದೀರಿ. ಪೆಟ್ಟಿಗೆಗೆ ತಾಗಿದ್ದ ಒಳಮಡಿಕೆ ಬೆಳ್ಳಗೆ ಹಾಗೇ ಇದೆ. ಸುಟ್ಟಿರುವುದು ದೀಪದ ಕಡೆಯ ಅಂಚು. ಗಂಜಿ ಹಾಕಿದ ಹೊಸ ಪಂಚೆ ಮಡಿಕೆ ಬಿಚ್ಚಿಕೊಂಡು ದೀಪದ ಮೇಲೆ ಜಾರಿದೆ. ಬೆಂಕಿ ಸಿಪಿಯುವಿನ ಒಳಗಿಂದ ಬಂದದ್ದಲ್ಲ. ಟಪ್ ಎಂದದ್ದು ಪರದೆಯ ಗಾಜು. ಹಳೆಯ ಫ್ಯಾನಿನ ಸದ್ದು ಇದ್ದಿದ್ದರೆ ಅದು ನಿಂತಾಗಲಾದರೂ ನಮಗೆ ಗೊತ್ತಾಗುತ್ತಿತ್ತೇನೋ. ಸದ್ದು ಬೇಡ ಎಂದವಳು ನಾನು. ಓಂಕಾರೇಶರದು ಏನೂ ತಪ್ಪಿಲ್ಲ, ಅವರ ಮೇಲೆ ಕ್ರಮ ಬೇಡ.

ಓಂಕಾರೇಶರು ನನ್ನನ್ನು ಪಕ್ಕಕ್ಕೆ ಕರೆದು, ಕಾಗದದಲ್ಲಿ ನಿಜ ಬರೆಸಿದರೆ ಸಾಕಕ್ಕ, ಅಜ್ಜಿ ಎದುರಿಗೆ ನನ್ನ ಕಾರ್ಡೇ ಸುಟ್ಟಿತು ಎಂದುಬಿಡಿ, ಬೈಸಿಕೊಳ್ಳುತ್ತೇನೆ ಎಂದರು. ನಾನು ಅವರಿಗೆ ಕೈ ಮುಗಿದೆನು. ನನ್ನ ಅತ್ತೆಗೆ ಮಗ ಬಂದು ಅರ್ಧ ಉಂಡ ಎಂಬುದೊಂದೇ ಈಗ ಉಳಿದಿರುವುದು. ತಾನು ಉಡಿಸಿದ ಪಂಚೆಯೇ ಅವನ ಮುಖ ಸುಟ್ಟಿತು ಎಂದು ತಿಳಿದರೆ ಅವರು ಉಳಿಯುವುದಿಲ್ಲ.

ಮೇಲೆ ಬರೆದಿರುವುದೆಲ್ಲ ನಾನು ಹೇಳಿದಂತೆಯೇ ಇದ್ದು, ಸತ್ಯವಾಗಿದೆ. ರೈಟರ್ ಸಾಹೇಬರು ಪದ್ಧತಿಯಂತೆ ಗಟ್ಟಿಯಾಗಿ ಓದಿ ಹೇಳಲು ಹೊರಟರು. ಬಾಗಿಲ ಆಚೆ ಬೆಂಚಿನಲ್ಲಿ ಅತ್ತೆ ಇರುವುದರಿಂದ ಓದಬೇಡಿ ಎಂದು ಕೇಳಿಕೊಂಡು, ಕಾಗದ ಇಸಿದುಕೊಂಡು, ಸದ್ದಿಲ್ಲದೆ ನಾನೇ ಓದಿಕೊಂಡು ರುಜು ಮಾಡಿರುತ್ತೇನೆ.

ಸ್ಥಳ: ಅಜ್ಜಂಪುರ
ದಿನಾಂಕ: 24-09-2025
(ಸಹಿ) ಹೇಮಾವತಿ