ಬೈಗುಳ ಹೋಗಿ ಮುಟ್ಟಿದ ಮನೆ

ಒಂದೂರಲ್ಲಿ ಒಬ್ಬ ಸಾಹುಕಾರ ಇದ್ದ. ಹಳೇ ಕಾಲದವನು ಅಂದುಕೊಳ್ಳಬೇಡಿ, ಈಗಿನವನೇ, ಜೇಬಿನಲ್ಲಿ ಎರಡೆರಡು ಮೊಬೈಲು. ಒಣಮೆಣಸಿನಕಾಯಿ ವ್ಯಾಪಾರ. ವ್ಯಾಪಾರ ಮೆಣಸಿನಕಾಯಿಯದು, ಬಾಯಿಯೂ ಮೆಣಸಿನಕಾಯಿಯದೇ. ನಗಬೇಡಿ, ನಿಮ್ಮಲ್ಲೂ ಅಂಥವರಿದ್ದೀರಿ, ನನಗೆ ಗೊತ್ತು.

ಬೆಳಿಗ್ಗೆ ಅಂಗಡಿಗೆ ಬಂದವನೇ ಆಳುಗಳ ಮೇಲೆ ಹರಿಹಾಯುತ್ತಿದ್ದ. "ಲೇ, ಕಾಯಿ ಬಿಸಲಿಗೆ ಹಾಕು ಅಂದ್ರ ನೆಳ್ಳಾಗ ಹಾಕೀಯಲ್ಲೋ, ತಲ್ಯಾಗ ಏನೈತಿ ನಿನಗ?" ಅದೂ ಎಲ್ಲರೆದುರು! ಆದರೆ ನೋಡಿ, ಯಾರಿಗೂ ಬೇಜಾರಿಲ್ಲ. ಯಾಕೆ? ಅರ್ಧ ತಾಸಿಗೆ ಅದೇ ಸಾಹುಕಾರ "ಬಾರೋ, ಚಾ ಆರಾಕತ್ತೈತಿ" ಅಂತ ಪಕ್ಕಕ್ಕೆ ಕೂರಿಸಿಕೊಳ್ಳುತ್ತಿದ್ದ. ಆಳುಗಳೂ ತಮ್ಮತಮ್ಮಲ್ಲಿ "ಇವತ್ತ ಪೂಜಿ ನಿಂದೇನೋ?" ಅಂತ ನಗುತ್ತಿದ್ದರು. ಆ ಬೈಗುಳವನ್ನು ಯಾರೂ ಮನೆಗೆ ಒಯ್ಯುತ್ತಿರಲಿಲ್ಲ.

ವ್ಯಾಪಾರ ಬೆಳೆಯಿತು. ಇಂಡೋನೇಷ್ಯಾದಲ್ಲಿ ಗಿರಾಕಿಗಳು ಸಿಕ್ಕರು. ಅವರ ಜೊತೆ ಅವರ ಭಾಷೆಯಲ್ಲಿ ಮಾತಾಡಲು ಅಲ್ಲಿಯವಳನ್ನೇ ಕೆಲಸಕ್ಕೆ ಇಟ್ಟುಕೊಂಡ. ಹೆಸರು ವುಲಾನ್. ಅವಳು ಇಲ್ಲಿಗೆ ಬರಲಿಲ್ಲ, ಇವನು ಅಲ್ಲಿಗೆ ಹೋಗಲಿಲ್ಲ. ಅವಳು ತನ್ನ ಮನೆಯಲ್ಲೇ ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡುತ್ತಿದ್ದಳು. ದಿನಾ ಬೆಳಿಗ್ಗೆ ಅಂಗಡಿಯವರೆಲ್ಲ ಅವಳ ಜೊತೆ ವಿಡಿಯೋ ಕಾಲ್‌ನಲ್ಲಿ ಸೇರುತ್ತಿದ್ದರು.

ಒಂದು ದಿನ ವುಲಾನ್, ಗಿರಾಕಿಯೊಬ್ಬನಿಗೆ ಸರಕು ಮುಟ್ಟುವ ದಿನವನ್ನು ತಪ್ಪಾಗಿ ಹೇಳಿಬಿಟ್ಟಳು. ಸಾಹುಕಾರ ಶುರು ಮಾಡಿದ. ಅವನ ಇಂಗ್ಲಿಷ್ ಅಷ್ಟಕ್ಕಷ್ಟೇ, ಆದರೆ ಬೈಯುವುದಕ್ಕೆ ಸಾಕಾಗುವಷ್ಟಿತ್ತು! ಅವಳೇನು ಮಾಡಿದಳು? ನಕ್ಕಳು. ಸಾಹುಕಾರನಿಗೆ ಮೈಯೆಲ್ಲ ಉರಿಯಿತು. ಬೈದರೆ ನಗುತ್ತಾಳಲ್ಲ! ಮತ್ತೂ ಬೈದ. ಮಾರನೆಯ ದಿನ ಬೈದ, ಆಮೇಲೆ ಅದೇ ರೂಢಿಯಾಯಿತು. ಆ ಕಡೆಯ ಎಷ್ಟೋ ಜನ ಮುಜುಗರವಾದಾಗ, ತಡೆಯಲಾಗದಾಗ ಹಾಗೆ ನಗುತ್ತಾರೆ. ನಾಲ್ಕು ಜನರೆದುರು ಅಳಬಾರದು ಅಂತ ನಗುವುದು. ಅದು ಇವನಿಗೆ ಹೇಗೆ ಗೊತ್ತಾಗಬೇಕು? ಕೇಳಿದ್ದನೇ? ಕೇಳಲೇ ಇಲ್ಲ.

ಕೊನೆಗೊಂದು ದಿನ ಅವಳು ಕೆಲಸ ಬಿಡುತ್ತೇನೆ ಅಂದಳು. ಅವಳ ಮನೆ ನಡೆಯುತ್ತಿದ್ದದ್ದೇ ಆ ಸಂಬಳದಲ್ಲಿ, ಆದರೂ ಬಿಡುತ್ತೇನೆ ಅಂದಳು. ಸಾಹುಕಾರ ಕಂಗಾಲಾಗಿ ಅವಳೊಬ್ಬಳಿಗೇ ಕಾಲ್ ಮಾಡಿದ.

"ಸಂಬಳ ಸಾಲದೇನಮ್ಮಾ?"

"ಸಾಕು ಸರ್."

"ಬೇರೆಯವರು ಯಾರಾದರೂ ಕರೆದರೇ?"

"ಇಲ್ಲ ಸರ್."

"ಮತ್ತೇನು, ಬಾಯಿಬಿಟ್ಟು ಹೇಳಮ್ಮಾ!"

ಅವಳು ಹೇಳಿದಳು. "ಸರ್, ನಮ್ಮದು ಒಂದೇ ಕೋಣೆ. ನನ್ನ ತಾಯಿಗೆ ಮಂಡಿನೋವು, ಗೋಡೆ ಹಿಡಿಯದೆ ನಡೆಯಲಾರರು. ಆದರೂ ನಿಮ್ಮ ಕಾಲ್ ಬರುವ ಹೊತ್ತಾದರೆ ಎದ್ದು ಹೊರಗೆ ಹೋಗುತ್ತಾರೆ. ಪಕ್ಕದ ಮನೆಯ ಮೆಟ್ಟಿಲ ಮೇಲೆ ಬಿಸಿಲಲ್ಲಿ ಕೂರುತ್ತಾರೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ನಾನು ಬೈಸಿಕೊಳ್ಳುವುದನ್ನು ಅವರು ನೋಡಿದರೆ ನನಗೆ ನಾಚಿಕೆಯಾಗುತ್ತದೆ ಅಂತ ಎದ್ದು ಹೋಗುತ್ತಾರೆ. ಅದನ್ನು ನನ್ನಿಂದ ನೋಡಲಾಗುವುದಿಲ್ಲ ಸರ್."

ಅಯ್ಯೋ! ಕೋಪ ಅರ್ಥವಾಗಲು ಭಾಷೆ ಬೇಕೇನ್ರೀ?

ನೋಡಿ, ಇಂಥ ಮನುಷ್ಯನಿಗೂ ಒಂದು ಮರ್ಯಾದೆ ಇತ್ತು. ಆಳಿನ ಮನೆಗೆ ಮದುವೆಗೋ ಗೃಹಪ್ರವೇಶಕ್ಕೋ ಹೋದರೆ, ಆ ಆಳು ಹಿಂದಿನ ದಿನ ಎಂಥ ಎಡವಟ್ಟು ಮಾಡಿದ್ದರೂ ಅದರ ಸೊಲ್ಲೆತ್ತುತ್ತಿರಲಿಲ್ಲ. "ನಿಮ್ಮ ಹುಡುಗ ಬಂಗಾರ ಅದಾನ ನೋಡ್ರಿ ಯವ್ವಾ" ಅಂತ ಅವನ ತಾಯಿಗೆ ಹೇಳಿ ಬರುತ್ತಿದ್ದ. ಒಬ್ಬರ ಮನೆಗೆ ಹೋಗಿ, ಹೆತ್ತವರೆದುರು ಅವರನ್ನು ಯಾರಾದರೂ ಬೈಯುತ್ತಾರೆಯೇ? ನೀವು ಬೈಯುತ್ತೀರಾ? ಅಂಥವನು ದಿನಾ ಬೆಳಿಗ್ಗೆ ಒಂದು ಮನೆಗೆ ನುಗ್ಗಿ, ನಡೆಯಲಾಗದ ತಾಯಿಯನ್ನು ಬಿಸಿಲಿಗೆ ಕಳಿಸಿ, ಮಗಳನ್ನು ಬೈದು ಬರುತ್ತಿದ್ದ. ತಾನು ಅಂಗಡಿಯಲ್ಲೇ ಕೂತಿದ್ದೇನೆ ಅಂದುಕೊಂಡಿದ್ದ, ಪಾಪ.

"ನಿನ್ನ ತಾಯಿಯನ್ನು ಸ್ವಲ್ಪ ಕರಿಯಮ್ಮಾ" ಅಂದ. ಅವರು ಗೋಡೆ ಹಿಡಿದುಕೊಂಡು ಬಂದು ಕೂತರು. ಸಾಹುಕಾರ ಕೈಮುಗಿದ. ಆ ಹೊತ್ತಿಗೆ ಇಂಗ್ಲಿಷ್ ಕೈಕೊಟ್ಟಿತು, ಮನೆಮಾತೇ ಬಂತು. "ಯವ್ವಾ, ತಪ್ಪಾತ್ರಿ. ನಿಮ್ಮ ಮಗಳು ಭಾಳ ಶಾಣ್ಯಾಕಿ. ತಪ್ಪ ನಂದು, ಆಕಿದಲ್ಲ." ಆ ಇಬ್ಬರಿಗೂ ಒಂದಕ್ಷರ ಗೊತ್ತಾಗಲಿಲ್ಲ. ಆದರೂ ಆ ತಾಯಿ ಮೆಲ್ಲಗೆ ಕೈಮುಗಿದರು. ಆಮೇಲೆ ಅವನು ತಡವರಿಸುತ್ತಾ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದ. "ನಾಳೆ ಬರುತ್ತೇನೆ ಸರ್, ನೋಡೋಣ" ಅಂದಳು ವುಲಾನ್.

ಮಾರನೆಯ ಬೆಳಿಗ್ಗೆ ಕಾಲ್ ಶುರುವಾಯಿತು. ವುಲಾನ್ ಇದ್ದಳು. ಅವಳ ಹಿಂದೆ ಕೋಣೆಯ ಮೂಲೆಯಲ್ಲಿ ತಾಯಿ ಬೆಳ್ಳುಳ್ಳಿ ಬಿಡಿಸುತ್ತಾ ಕೂತಿದ್ದರು. ಕಾಲ್ ಮುಗಿಯುವವರೆಗೂ ಎದ್ದು ಹೋಗಲಿಲ್ಲ.

ಈಗ ನಿಮ್ಮ ವಿಷಯಕ್ಕೆ ಬರೋಣ. ನಿಮ್ಮಲ್ಲೂ ಕೆಲವರು ಕಂಡರಿಯದ ದೇಶದವರಿಂದ ಕೆಲಸ ಮಾಡಿಸುತ್ತೀರಿ. ತೆರೆಯ ಮೇಲೆ ಬರೀ ಮುಖ ಕಾಣುತ್ತದೆ. ಆ ಮುಖದ ಹಿಂದೆ ಒಂದು ಮನೆ ಇದೆಯಲ್ಲ, ಯೋಚನೆ ಮಾಡಿದ್ದೀರಾ? ನಾಳೆಯಿಂದ, ತಪ್ಪು ಕಂಡರೆ ಅವರೊಬ್ಬರಿಗೇ ಹೇಳಿ. ಅದಕ್ಕೂ ಮೊದಲು "ಈಗ ಮಾತಾಡಬಹುದೇ?" ಅಂತ ಕೇಳಿ. ಅವರು ನಕ್ಕರೆ, ಸುಮ್ಮನಿದ್ದರೆ, ಅದಕ್ಕೆ ನೀವೇ ಅರ್ಥ ಕಟ್ಟಬೇಡಿ, ಅವರನ್ನೇ ಕೇಳಿ ತಿಳಿದುಕೊಳ್ಳಿ. ಹೊಗಳುವುದಿದ್ದರೆ ಮಾತ್ರ ಎಲ್ಲರೆದುರು, ಗಟ್ಟಿಯಾಗಿ, ಅವರ ಮನೆಮಂದಿಗೂ ಕೇಳಿಸುವ ಹಾಗೆ ಹೊಗಳಿ. ಕಾಲ್ ಮಾಡುವುದೆಂದರೆ ಒಬ್ಬರ ಮನೆಯೊಳಗೆ ಕಾಲಿಡುವುದು. ಚಪ್ಪಲಿಯನ್ನೇ ಹೊರಗೆ ಬಿಟ್ಟು ಹೋಗುವವರು ನೀವು. ಸಿಟ್ಟನ್ನೂ ಅಲ್ಲೇ ಬಿಟ್ಟು ಒಳಗೆ ಹೋಗಿ.